ಗಂಟು ಮುಟ್ಟುವ ಮೊದಲು ಕೇಳಿ
ಬೀದಿಯಲ್ಲಿ ಮಲಗುವವರಿಗೆ ನೆರವಾಗುವುದು ಹೇಗೆ?

ರಾತ್ರಿ ಕೊನೆಯ ಬಸ್ ಹೋದ ಮೇಲೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದ ಸುತ್ತ ಅಂಗಡಿ ಜಗಲಿಗಳಿಗೆ ಮಲಗುವವರು ಒಬ್ಬೊಬ್ಬರಾಗಿ ಬರುತ್ತಾರೆ. ಅವರಿಗೆ ಊಟದ ಪೊಟ್ಟಣ ಹಂಚಲು ಹೋಗುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಖುಷಿಯಾಗುತ್ತದೆ. ಆದರೆ ಒಳ್ಳೆಯ ಮನಸ್ಸಿನಿಂದ ಹೋದವರಿಂದಲೂ ನೋವಾಗುತ್ತದೆ. ನನ್ನಿಂದಲೇ ಆಗಿದೆ.

ಕೆಲವು ವರ್ಷದ ಹಿಂದೆ ಒಂದು ಆಶ್ರಯ ಮನೆಗೆ ಸೇವೆಗೆ ಹೋಗುತ್ತಿದ್ದೆ. ಹೊಸದಾಗಿ ಬಂದ ಅಜ್ಜ ಒಬ್ಬರನ್ನು ಸ್ನಾನಕ್ಕೆ ಕಳಿಸಿ, ಅವರ ಗಂಟನ್ನು ಕಸಕ್ಕೆ ಹಾಕಿಬಿಟ್ಟೆ. ಹರಿದ ಲುಂಗಿ, ಖಾಲಿ ಬಾಟಲಿ, ತುಕ್ಕು ಹಿಡಿದ ಒಂದು ಬೀಗದ ಕೀ. ಅಜ್ಜ ಹೊರಗೆ ಬಂದು ಗಂಟು ಇಟ್ಟಿದ್ದ ಜಾಗವನ್ನು ಕೈಯಲ್ಲಿ ಸವರಿ ಸವರಿ ನೋಡಿದರು. ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಹೊರಟುಹೋದರು. ಆ ಕೀ ಯಾವ ಮನೆಯದು ಎಂದು ಕೇಳುವ ಅವಕಾಶವೂ ನನಗೆ ಸಿಗಲಿಲ್ಲ.

ಹೊಡೆತ, ಮೋಸ, ಸಾವು, ಮನೆಯಿಂದ ಹೊರದಬ್ಬಿಸಿಕೊಂಡದ್ದು, ಇಂಥವು ಒಳಗೆ ಗಾಯ ಮಾಡುತ್ತವೆ. ಆಮೇಲೆ ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ. ಈ ಗಾಯವನ್ನು ನೆನಪಿಟ್ಟುಕೊಂಡು ನಡೆದುಕೊಳ್ಳುವುದಕ್ಕೆ ‘ಟ್ರಾಮಾ ಇನ್‌ಫಾರ್ಮ್ಡ್ ಕೇರ್’ ಎನ್ನುತ್ತಾರೆ. ಅಮೆರಿಕದ ಸಾಮ್ಸಾ ಎಂಬ ಸರ್ಕಾರಿ ಸಂಸ್ಥೆ 2014ರಲ್ಲಿ ಇದಕ್ಕೆ ಆರು ತತ್ವಗಳನ್ನು ಹೇಳಿತು. ಭದ್ರತೆ, ನಂಬಿಕೆ, ಆಯ್ಕೆಯ ಹಕ್ಕು ಅದರಲ್ಲಿ ಸೇರಿವೆ. ನಮ್ಮ ಜಗಲಿಯಲ್ಲಿ ಅದನ್ನು ಹೀಗೆ ಮಾಡಬಹುದು.

1. ನಿಂತು ಮಾತಾಡಬೇಡಿ. ಎರಡು ಮಾರು ದೂರದಲ್ಲಿ, ಪಕ್ಕಕ್ಕೆ, ನೆಲದ ಮೇಲೆ ಕುಳಿತುಕೊಳ್ಳಿ. ಅವರು ಎದ್ದು ಹೋಗುವ ದಾರಿಗೆ ಅಡ್ಡ ಬರಬೇಡಿ. ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ, ಮುಖಕ್ಕೆ ಟಾರ್ಚ್ ಬಿಡಬೇಡಿ. ಲಾಠಿಯಿಂದ ತಿವಿಸಿಕೊಂಡು ಎದ್ದು ಅಭ್ಯಾಸವಾದವರಿಗೆ ನಿಮ್ಮ ಕೈಯೂ ಲಾಠಿಯೇ.

2. ಅವರ ಮಾತಿನಲ್ಲಿ ಶುರು ಮಾಡಿ. ‘ಒಣಸ್ ಆಂಡಾ?’ (ಊಟ ಆಯಿತಾ?) ಎಂದರೆ ತುಳು ಅಜ್ಜಿಯ ಮುಖ ಅರಳುತ್ತದೆ. ಬಾಗಲಕೋಟೆ ಕಡೆಯಿಂದ ಕೂಲಿಗೆ ಬಂದವರಾದರೆ ‘ಊಟ ಆತೇನ್ರಿ ಅಣ್ಣಾ?’ ಎನ್ನಿ. ಕೊಂಕಣ ರೈಲು ಹತ್ತಿ ಎಲ್ಲಿಂದಲೋ ಬಂದವರಿಗೆ ನಮ್ಮ ಯಾವ ಭಾಷೆಯೂ ಬಾರದಿರಬಹುದು. ಆಗ ಅವರ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

3. ‘ಮನೆ ಬಿಟ್ಟು ಯಾಕೆ ಬಂದಿರಿ?’ ಎಂದು ಕೇಳಬೇಡಿ. ‘ಚಹಾ ಬೇಕಾ, ನೀರು ಬೇಕಾ? ಇಲ್ಲೇ ಕೂರೋಣವಾ?’ ಇಷ್ಟು ಸಾಕು. ಬೇಡ ಎಂದರೆ ಬೇಡ. ಕಥೆ ಬರುವುದಿದ್ದರೆ ತಾನಾಗಿ ಬರುತ್ತದೆ.

4. ಸ್ನಾನ, ಕ್ಷೌರ. ನನಗೆ ಅತಿ ಹೆಚ್ಚು ಸಂಕಟ ಕೊಡುವ ವಿಷಯ ಇದು. ಹಿಡಿದು ಕೂರಿಸಿ ತಲೆ ಬೋಳಿಸುವುದು, ‘ಮೊದಲು ಹೀಗಿದ್ದರು, ಈಗ ಹೀಗಾದರು’ ಎಂದು ಫೋನಿನಲ್ಲಿ ವಿಡಿಯೋ ಹಾಕುವುದು. ಅವರ ಒಪ್ಪಿಗೆ ಯಾರು ಕೇಳಿದರು? ಹೇನು, ಹುಣ್ಣು ಇದ್ದರೂ ಮೊದಲು ಕನ್ನಡಿ, ಕತ್ತರಿ ತೋರಿಸಿ, ಏನು ಮಾಡುತ್ತೀರಿ ಎಂದು ಹೇಳಿ. ಎಷ್ಟು ಕತ್ತರಿಸಬೇಕು ಎಂದು ಅವರನ್ನೇ ಕೇಳಿ. ಸಾಕು ಎಂದಾಗ ನಿಲ್ಲಿಸಿ. ಗಂಟನ್ನು ಅವರ ಕಣ್ಣಿಗೆ ಕಾಣುವ ಹಾಗೆ ಇಡಿ. ತೊಳೆಯುವುದಿದ್ದರೆ ಅವರೇ ಬಿಚ್ಚಲಿ. ವಿಡಿಯೋ ಬೇಡವೇ ಬೇಡ.

5. ಕೂಗಾಡಿದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ದನಿ ತಗ್ಗಿಸಿ. ವಾದಕ್ಕಿಳಿಯಬೇಡಿ.

6. ಬೀದಿಯಲ್ಲಿರುವವರೆಲ್ಲ ಮನೋರೋಗಿಗಳಲ್ಲ. ಆದರೆ ಕಾಯಿಲೆಯಿಂದ ತಮ್ಮನ್ನು ತಾವೇ ನೋಡಿಕೊಳ್ಳಲಾಗದವರು ಸಿಕ್ಕರೆ ಕಾನೂನು ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಪೊಲೀಸರು ಅವರಿಗೆ ರಕ್ಷಣೆ ಕೊಟ್ಟು, 24 ಗಂಟೆಯ ಒಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾಸ್ಪತ್ರೆ ಇದೆ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ತುರ್ತಿಗೆ 112.

7. ಗುರುವಾರ ಬರುತ್ತೇನೆ ಎಂದರೆ ಗುರುವಾರವೇ ಹೋಗಿ. ಆಟಿ ತಿಂಗಳ ಮಳೆ ಧೋ ಎಂದು ಸುರಿಯುತ್ತಿದ್ದರೂ ಹೋಗಿ. ಆಗದಿದ್ದರೆ, ಬರುವುದಿಲ್ಲ ಎಂದು ಹೇಳಲಿಕ್ಕಾದರೂ ಒಬ್ಬರನ್ನು ಕಳಿಸಿ. ಅವರು ಕಾಯುತ್ತಿರುತ್ತಾರೆ.