ಲಾಂಗ್‌ಸ್ವೋರ್ಡ್ ಹಿಡಿಯೋರಿಗೆ: ಡಿ10 ಮ್ಯಾಲ ಬಾಟಲಿ ಮುಚ್ಚಳ
ವಿಜಯಪುರದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರ ಆಡೋ ಆಟ) ಮಂದಿಗೆ: ಲಾಂಗ್‌ಸ್ವೋರ್ಡ್ ಅನ್ನೋ ಕತ್ತಿ ಒಂದ ಕೈಲಿ ಹೊಡದ್ರ ಏಟಿಗೆ ಡಿ8 (ಎಂಟು ಮುಖದ ದಾಳ), ಎರಡೂ ಕೈಲಿ ಹೊಡದ್ರ ಡಿ10 (ಹತ್ತು ಮುಖದ್ದು). ಅದು ಇದ್ರ ಎರಡೂ ದಾಳ ಕ್ಯಾರೆಕ್ಟರ್ ಹಾಳಿ ಮ್ಯಾಲ ಇಟ್ಕೋರಿ, ಢಾಲು ಹಿಡಿದಿರೋತನಕ ಡಿ10 ಮ್ಯಾಲ ಸೋಡಾ ಬಾಟಲಿ ಮುಚ್ಚಳ ಡಬ್ಬ ಹಾಕ್ರಿ. ಮುಚ್ಚಳ ಐತಿ ಅಂದ್ರ ಒಂದ ಕೈ, ಎಸಿ (ಆರ್ಮರ್ ಕ್ಲಾಸ್, ಏಟು ತಪ್ಪಿಸೋ ಅಂಕಿ) 2 ಜಾಸ್ತಿ. ಇಲ್ಲಂದ್ರ ಎರಡೂ ಕೈ, ದೊಡ್ಡ ದಾಳ. ‘ಢಾಲು ಹಿಡದಿದ್ಯೋ ಇಲ್ಲೋ’ ಅನ್ನೋ ಜಗಳ ಅಲ್ಲೇ ಖಲಾಸ್. ಮುಚ್ಚಳ ತೆಗೆದ್ರ ಸರಾಸರಿ ಏಟು 4.5 ಇದ್ದದ್ದು 5.5 ಆಗ್ತೈತಿ ಅಷ್ಟ. ನಾನಂತೂ ಮುಚ್ಚಳ ತೆಗೆಯೋದು ಕಡಿಮಿ. ಒಂದು ಹುಷಾರಿ: ಮುಚ್ಚಳ ಎತ್ತೋದು ಸಲೀಸು, ಢಾಲು ಬಿಚ್ಚಾಕ ಪೂರಾ ಒಂದು ಆ್ಯಕ್ಷನ್ (ಸರದಿಗೊಂದ ಸಿಗೋ ಮುಖ್ಯ ಕೆಲಸ) ಹೋಗ್ತೈತಿ. ಗ್ರೇಟ್‌ಸ್ವೋರ್ಡ್‌ಗೆ ಈ ಉಪಾಯ ನಡೆಯಂಗಿಲ್ಲ, ಹೊಡಿಯಾಕ ಎರಡೂ ಕೈ ಬೇಕೇಬೇಕು. (ಬರೇ ಹಿಡ್ಕೊಂಡು ನಿಲ್ಲಾಕ ಒಂದ ಕೈ ಸಾಕು, ಇನ್ನೊಂದು ಕೈ ಖಾಲಿ ಇರ್ತೈತಿ ಅಂತ ಮಂತ್ರ ಹಾಕೋರು ನೆನಪಿಡ್ರಿ.)