ಕುತ್ತಿಗೆ ಗಟ್ಟಿ ಮಾಡುವುದು ಹೇಗೆ? ಮೊದಲು ಗದ್ದ, ಆಮೇಲೆ ಭಾರ

ತಲೆಯ ತೂಕ ಸುಮಾರು ಐದು ಕಿಲೋ. ನೆಟ್ಟಗೆ ಕೂತಾಗ ಕುತ್ತಿಗೆಯ ಏಳು ಕಶೇರುಗಳೂ (ಬೆನ್ನುಮೂಳೆಯ ಬಿಡಿ ಮೂಳೆಗಳು) ಸುತ್ತಲಿನ ಸ್ನಾಯುಗಳೂ ಅದನ್ನು ಸುಲಭವಾಗಿ ಹೊರುತ್ತವೆ. ತಲೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಹೆಚ್ಚು ಎಳೆದು ಹಿಡಿಯಬೇಕು. 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲೆ ಬೀಳುವ ಹೊರೆ ಸುಮಾರು 27 ಕಿಲೋ. ಉಪ್ಪಳ, ಮಂಜೇಶ್ವರದ ಮನೆಗಳಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವವರು, ಜಗಲಿಯಲ್ಲಿ ಅಡಿಕೆ ಸುಲಿಯುವವರು, ಸರ್ಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಕಂಪ್ಯೂಟರಿನತ್ತ ಗದ್ದ ಚಾಚಿ ಕೂರುವವರು ಎಲ್ಲರೂ ಈ ಹೊರೆಯನ್ನು ಗಂಟೆಗಟ್ಟಲೆ ಅಲುಗಾಡದೆ ಹಿಡಿದಿರುತ್ತಾರೆ.

ನೋವು ಬಂದಾಗ ತೈಲ ಹಚ್ಚಿ ಶಾಖ ಕೊಟ್ಟರೆ ಆ ದಿನಕ್ಕೆ ಹಾಯೆನಿಸುತ್ತದೆ. ಆದರೆ ದುರ್ಬಲ ಸ್ನಾಯು ದುರ್ಬಲವಾಗಿಯೇ ಉಳಿಯುತ್ತದೆ, ನೋವು ಮತ್ತೆ ಬರುತ್ತದೆ. ಫಿನ್ಲೆಂಡಿನಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಮಹಿಳಾ ಕಚೇರಿ ನೌಕರರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕುತ್ತಿಗೆಗೆ ಬಲ ಬರುವ ವ್ಯಾಯಾಮವನ್ನು ಕ್ರಮವಾಗಿ ಮಾಡಿದವರ ನೋವು, ಬರೀ ಸ್ನಾಯು ಹಿಗ್ಗಿಸುವ ಮತ್ತು ಏರೋಬಿಕ್ ವ್ಯಾಯಾಮ ಮಾಡಿದವರಿಗಿಂತ ಸ್ಪಷ್ಟವಾಗಿ ತಗ್ಗಿತ್ತು. ನೋವು ಹೋಗಬೇಕೆನ್ನುವ ಅಮ್ಮನಿಗೂ ಕಬಡ್ಡಿಗೆಂದು ಕುತ್ತಿಗೆ ದಪ್ಪ ಮಾಡಿಕೊಳ್ಳಬೇಕೆನ್ನುವ ಮಗನಿಗೂ ದಾರಿ ಒಂದೇ, ಅದರಲ್ಲಿ ಮೂರು ಹಂತ. ಅಮ್ಮ ಎರಡನೇ ಹಂತದಲ್ಲಿ ನಿಂತರೂ ಸಾಕು, ಮಗ ಮೂರನೆಯದಕ್ಕೂ ಹೋಗಬೇಕು.

ಯಾರು ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಬೇಕು

ಮರದಿಂದ ಬಿದ್ದ ಅಥವಾ ಬೈಕ್ ಅಪಘಾತದ ನಂತರದ ನೋವು, ಕೈ ಜೋಮು ಹಿಡಿಯುವುದು, ಹಿಡಿದ ವಸ್ತು ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿದುಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಹಿಂದೆಂದೂ ಇಲ್ಲದಂಥ ನೋವು ಹಠಾತ್ತನೆ ಬಂದು ತಲೆ ಸುತ್ತಿದರೆ, ಮಾತು ತೊದಲಿದರೆ ಅಥವಾ ನೋವಿನ ಜೊತೆ ಎದೆ ಬಿಗಿದು ಬೆವರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಂಧಿವಾತ, ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೊಪೊರೋಸಿಸ್) ಇರುವವರು ಕೇಳದೆ ಭಾರ ಎತ್ತಬಾರದು.

ಎಕ್ಸ್‌ರೇಯಲ್ಲಿ 'ಸ್ಪಾಂಡಿಲೋಸಿಸ್' ಎಂದು ಬರೆದಿದೆಯೆಂದು ಹೆದರಿ ತಲೆ ಅಲುಗಾಡಿಸದೆ ಕೂರುವವರು ಬಹಳ ಮಂದಿ. ವಯಸ್ಸಾದಂತೆ ಕಶೇರುಗಳ ಸವೆತ ನೋವೇ ಇಲ್ಲದವರಲ್ಲೂ ಕಾಣುತ್ತದೆ. ಮೇಲೆ ಹೇಳಿದ ಲಕ್ಷಣಗಳಿಲ್ಲದಿದ್ದರೆ ಅದೊಂದೇ ವ್ಯಾಯಾಮಕ್ಕೆ ಅಡ್ಡಿಯಾಗುವುದಿಲ್ಲ. ತಿಂಗಳುಗಟ್ಟಲೆ ಕಾಲರ್ ಕಟ್ಟಿಕೊಂಡರೆ ಮಾತ್ರ ಸ್ನಾಯು ಇನ್ನಷ್ಟು ಸೊರಗುತ್ತದೆ.

ಮೊದಲ ಹಂತ: ಒಳಗಿನ ಸ್ನಾಯು

ಕಶೇರುಗಳ ಮುಂಭಾಗಕ್ಕೆ ಅಂಟಿಕೊಂಡು ಸಣ್ಣ ಸ್ನಾಯುಗಳಿವೆ. ನೋವಿದ್ದವರಲ್ಲಿ ಹೆಚ್ಚಾಗಿ ಇವೇ ಸುಸ್ತಾಗಿರುತ್ತವೆ. ಆಗ ಕಿವಿಯ ಹಿಂದಿನಿಂದ ಕಾಲರ್ ಮೂಳೆಗೆ ಇಳಿಯುವ ಹೊರಗಿನ ಪಟ್ಟಿಸ್ನಾಯು ಅವುಗಳ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ಬಿಗಿಯುತ್ತದೆ. ಆದ್ದರಿಂದ ಆರಂಭ ಇಲ್ಲಿಂದಲೇ ಆಗಬೇಕು. ನೋಡಲು ಏನೂ ಅಲ್ಲದ ಈ ವ್ಯಾಯಾಮವನ್ನು ಬಿಟ್ಟು ಮುಂದೆ ಹೋದವರೇ ಮತ್ತೆ ನೋವು ಎನ್ನುತ್ತಾ ಬರುವುದು.

ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ. ಬೈರಾಸು (ಟವೆಲ್) ಮಡಚಿ ತಲೆಯಡಿಗೆ ಇಡಿ. ಹಣೆಯೂ ಗದ್ದವೂ ಒಂದೇ ಮಟ್ಟಕ್ಕೆ ಬರುವಷ್ಟು ದಪ್ಪವಿದ್ದರೆ ಸಾಕು. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಇರಲಿ, ಹಲ್ಲುಗಳು ಕಚ್ಚಿಕೊಳ್ಳದಿರಲಿ. ಈಗ 'ಹೌದು' ಎನ್ನುವಂತೆ ತೀರಾ ಸಣ್ಣದಾಗಿ ತಲೆಯಾಡಿಸಿ. ತಲೆಯ ಹಿಂಭಾಗ ಬೈರಾಸಿನ ಮೇಲೆ ತುಸು ಮೇಲಕ್ಕೆ ಜಾರಬೇಕೇ ಹೊರತು ಏಳಬಾರದು, ಕೆಳಕ್ಕೆ ಒತ್ತಲೂಬಾರದು. ಹಾಗೇ 10 ಸೆಕೆಂಡ್ ಹಿಡಿದು ಬಿಡಿ. ಉಸಿರಾಟ ನಿಲ್ಲದಿರಲಿ. ಒಟ್ಟು 10 ಸಲ, ದಿನಕ್ಕೆ ಎರಡು ಹೊತ್ತು.

ಎರಡು ಬೆರಳಿನಿಂದ ಆ ಪಟ್ಟಿಸ್ನಾಯುವನ್ನು ಮುಟ್ಟಿಕೊಂಡೇ ಮಾಡಿ. ಅದು ಹಗ್ಗದಂತೆ ಎದ್ದು ಬಂದರೆ ಬಲ ಹೆಚ್ಚಾಯಿತು ಎಂದರ್ಥ, ಅರ್ಧಕ್ಕೆ ಇಳಿಸಿ. 10 ಸೆಕೆಂಡ್ ಹಿಡಿಯಲಾಗದಿದ್ದರೆ 5ರಿಂದ ಶುರುಮಾಡಿ. ಪಟ್ಟಿಸ್ನಾಯು ಮೆದುವಾಗಿಯೇ ಇದ್ದು ಹತ್ತಕ್ಕೆ ಹತ್ತೂ ಆಗುವವರೆಗೆ ಮುಂದಿನ ಹಂತ ಬೇಡ. ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತದೆ.

ಎರಡನೇ ಹಂತ: ಕೈಯ ಎದುರು ತಲೆ

ನೆಟ್ಟಗೆ ಕೂತು ಅಂಗೈಯನ್ನು ಹಣೆಗೆ ಒತ್ತಿ. ತಲೆ ಕೈಯನ್ನು ತಳ್ಳಲಿ, ಕೈ ಬಿಟ್ಟುಕೊಡದಿರಲಿ. ತಲೆ ಕೂದಲೆಳೆಯಷ್ಟೂ ಚಲಿಸಬಾರದು. 3 ಸೆಕೆಂಡಿನಲ್ಲಿ ನಿಧಾನವಾಗಿ ಬಲ ಏರಿಸಿ, 7 ಸೆಕೆಂಡ್ ಹಿಡಿದು, ನಿಧಾನವಾಗಿಯೇ ಇಳಿಸಿ. ಮೊದಲ ವಾರ ನಿಮ್ಮ ಪೂರ್ತಿ ಬಲದ ಮೂರನೇ ಒಂದು ಪಾಲು ಸಾಕು, ಆಮೇಲೆ ಅರ್ಧಕ್ಕೆ ಏರಿಸಿ. ಇದೇ ರೀತಿ ತಲೆಯ ಹಿಂದೆ, ಎಡಕ್ಕೆ, ಬಲಕ್ಕೆ ಐದೈದು ಸಲ. ಪಕ್ಕಕ್ಕೆ ಮಾಡುವಾಗ ಅಂಗೈ ಕಿವಿಯ ಮೇಲ್ಭಾಗದಲ್ಲಿರಲಿ, ದವಡೆಗೆ ಒತ್ತಿದರೆ ದವಡೆಯ ಕೀಲು ನೋಯುತ್ತದೆ. ಗದ್ದ ಮುಂದೆ ಚಾಚಿಕೊಂಡು ತಳ್ಳುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಮೊದಲ ಹಂತದ ಆ ಸಣ್ಣ ತಲೆಯಾಟ ಮಾಡಿ ಗದ್ದವನ್ನು ಒಳಗಿಟ್ಟುಕೊಂಡೇ ತಳ್ಳಬೇಕು.

ಹೆಗಲನ್ನು ಬಿಟ್ಟರೆ ಕೆಲಸ ಅರ್ಧವೇ ಆಗುತ್ತದೆ, ಏಕೆಂದರೆ ಕುತ್ತಿಗೆಯ ಹಲವು ಸ್ನಾಯುಗಳ ಇನ್ನೊಂದು ತುದಿ ಇರುವುದು ಹೆಗಲಿನ ಮೂಳೆಯಲ್ಲಿ. ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನ್ ತೆಗೆದುಕೊಂಡು ನೀರು ತುಂಬಿಸಿ, ಒಂದೊಂದೂ ಸುಮಾರು ಐದು ಕಿಲೋ. ಎರಡೂ ಕೈಯಲ್ಲಿ ಹಿಡಿದು ನಿಂತು ಹೆಗಲನ್ನು ಕಿವಿಯ ಕಡೆಗೆ ಎತ್ತಿ, ಒಂದು ಕ್ಷಣ ನಿಲ್ಲಿಸಿ, ಮೂರು ಎಣಿಸುತ್ತಾ ಇಳಿಸಿ. 12 ಸಲದ ಎರಡು ಸುತ್ತು, ವಾರಕ್ಕೆ ಮೂರು ದಿನ.

ಮೂರನೇ ಹಂತ: ದಪ್ಪವಾಗಬೇಕೆಂದರೆ

ಕೈಗೆ ತಳ್ಳಿದರೆ ಬಲ ಬರುತ್ತದೆ, ಆದರೆ ದಪ್ಪವಾಗುವುದು ಕಡಿಮೆ. ಸ್ನಾಯು ಬೆಳೆಯಬೇಕಾದರೆ ಅದು ಭಾರ ಹೊತ್ತು ಪೂರ್ತಿ ಚಲಿಸಬೇಕು, ಭಾರ ಸ್ವಲ್ಪ ಸ್ವಲ್ಪವೇ ಏರಬೇಕು. ಜಿಮ್ಮಿನ ಅತಿ ಸಣ್ಣ ತಟ್ಟೆಯೇ ಸಾಮಾನ್ಯವಾಗಿ 1.25 ಕಿಲೋ, ಆರಂಭಕ್ಕೆ ಅದೂ ಹೆಚ್ಚು. ಗಟ್ಟಿ ಬಟ್ಟೆಯ ಚೀಲದಲ್ಲಿ ಅರ್ಧ ಕಿಲೋ ಹೊಯಿಗೆ (ಮರಳು) ಕಟ್ಟಿಕೊಳ್ಳುವುದು ಒಳ್ಳೆಯದು, ಅದು ಹಣೆಯ ಮೇಲೆ ಜಾರದೆ ಕೂರುತ್ತದೆ.

ಮಂಚದ ಮೇಲೆ ಅಂಗಾತ ಮಲಗಿ. ಹೆಗಲು ಅಂಚಿಗೆ ಬಂದು ತಲೆ ಹೊರಗಿರಲಿ. ಮೊದಲ ವಾರ ಚೀಲ ಬೇಡ, ತಲೆಯ ಭಾರವೇ ಸಾಕು. ಗದ್ದ ಒಳಗೆಳೆದು, ಆಮೇಲೆ ತಲೆ ಎತ್ತಿ ಎದೆಯ ಕಡೆಗೆ ತನ್ನಿ, ಮೂರು ಎಣಿಸುತ್ತಾ ಇಳಿಸಿ. ಮಂಚದ ಮಟ್ಟಕ್ಕಿಂತ ತೀರಾ ಕೆಳಗೆ ತಲೆ ಜೋತುಬೀಳಬಾರದು. 15 ಸಲದ ಎರಡು ಸುತ್ತು ಮಾಡಿ. ಬಳಿಕ ಬೋರಲಾಗಿ ಮಲಗಿ ಹಿಂಭಾಗಕ್ಕೆ, ಮಗ್ಗುಲಾಗಿ ಮಲಗಿ ಎರಡೂ ಬದಿಗೆ ಇದೇ ಲೆಕ್ಕ. ಚೀಲ ಇಟ್ಟಾಗ ಒಂದು ಕೈ ಅದರ ಮೇಲಿರಲಿ.

ಒಂದೇ ಭಾರದಲ್ಲಿ ಒಂದಾದ ಮೇಲೊಂದು ಬರುವ ಎರಡು ವ್ಯಾಯಾಮದ ದಿನಗಳಲ್ಲಿ 25 ಸಲ ಆರಾಮವಾಗಿ ಆದರೆ ಅರ್ಧ ಕಿಲೋ ಏರಿಸಿ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು. ದಿನಾ ಮಾಡಿದರೆ ಬೇಗ ದಪ್ಪವಾಗುತ್ತದೆಂಬ ನಂಬಿಕೆಯಿಂದ ತಲೆನೋವೇ ಹೆಚ್ಚು ಬರುವುದು. ತಿಂಗಳಿಗೊಮ್ಮೆ ಬೆಳಿಗ್ಗೆ ಗಂಟಲಿನ ಉಬ್ಬಿನ ಕೆಳಗೆ ಟೇಪು ಹಿಡಿದು ಅಳೆಯಿರಿ. ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ಎರಡು ಮೂರು ತಿಂಗಳು ಬೇಕು. ವ್ಯಾಯಾಮವಿಲ್ಲದೆಯೇ ಕುತ್ತಿಗೆ ದಪ್ಪವಾಗುತ್ತಿದ್ದರೆ ಅದು ಕೊಬ್ಬು ಅಥವಾ ಥೈರಾಯ್ಡ್ ಊತವಾಗಿರಬಹುದು. ಗಂಡಸರಲ್ಲಿ 43 ಸೆಂಟಿಮೀಟರ್, ಹೆಂಗಸರಲ್ಲಿ 41 ದಾಟಿ, ಜೋರು ಗೊರಕೆಯೂ ಹಗಲು ತೂಕಡಿಕೆಯೂ ಇದ್ದರೆ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಕುಸ್ತಿಯವರಂತೆ ತಲೆ ನೆಲಕ್ಕೂರಿ ಮೈಯನ್ನು ಕಮಾನು ಮಾಡುವುದು ಬೇಡ, ಮೈಭಾರವೆಲ್ಲ ಬಾಗಿದ ಕಶೇರುಗಳ ಮೇಲೆ ಬೀಳುತ್ತದೆ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿ ನೆಟಿಗೆ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕಶೇರುಗಳ ತೂತುಗಳ ಮೂಲಕವೇ ಸಾಗುತ್ತವೆ, ಹಠಾತ್ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು.

ಎಷ್ಟು ನೋವು ಸರಿ

ಹತ್ತಕ್ಕೆ ಮೂರರಷ್ಟು ನೋವು ಬಂದು ಮರುದಿನದೊಳಗೆ ಇಳಿದರೆ ಮುಂದುವರಿಸಿ. ಇಳಿಯದಿದ್ದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಕೈಗೆ ಸೆಳೆತ ಹರಿದರೆ ನಿಲ್ಲಿಸಿ. ಬೆಳಿಗ್ಗೆ ಏಳುವಾಗಲೇ ಕುತ್ತಿಗೆ ಹಿಡಿದುಕೊಂಡಿದ್ದರೆ ಎರಡು ಮೂರು ದಿನ 15 ನಿಮಿಷದ ಶಾಖವೂ ನೋವಾಗದಷ್ಟು ನಿಧಾನವಾಗಿ ಆಚೀಚೆ ತಿರುಗಿಸುವುದೂ ಮಾತ್ರ ಸಾಕು.

ಬೀಡಿ ಕಟ್ಟುವವರು ಮಡಿಲಲ್ಲಿ ದಿಂಬಿಟ್ಟು ಅದರ ಮೇಲೆ ಮೊರ ಇಟ್ಟರೆ ಬಾಗುವುದು ಕಡಿಮೆಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಮಗ್ಗುಲಾಗಿ ಮಲಗುವವರ ತಲೆದಿಂಬು ಹೆಗಲಿಗೂ ಕಿವಿಗೂ ನಡುವಿನ ಜಾಗ ತುಂಬುವಷ್ಟು ಎತ್ತರ ಇರಲಿ.

ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಅಡಿಕೆಗೆ ಮದ್ದು ಬಿಡುವವರದು ಬೇರೆಯೇ ಕಷ್ಟ, ದಿನವಿಡೀ ತಲೆ ಹಿಂದಕ್ಕೆ ವಾಲಿರುತ್ತದೆ. ಬುಡದಿಂದ ಎರಡು ಹೆಜ್ಜೆ ಹಿಂದೆ ನಿಂತರೆ ಕೋನ ತಗ್ಗುತ್ತದೆ. ಇಬ್ಬರಿದ್ದರೆ ಹತ್ತಿಪ್ಪತ್ತು ಮರಕ್ಕೊಮ್ಮೆ ಕೈ ಬದಲಿಸಿ. ಮಳೆಗಾಲದ ಮೊದಲ ಮದ್ದು ಮೇ ಕೊನೆಗೆ ಬರುವುದರಿಂದ ಇವರು ಮೊದಲ ಹಂತವನ್ನು ಫೆಬ್ರವರಿಯಲ್ಲೇ ಹಿಡಿದರೆ ಎರಡನೆಯದನ್ನು ಮುಗಿಸಿ ತೋಟಕ್ಕಿಳಿಯಬಹುದು. ಮದ್ದಿನ ದಿನಗಳಲ್ಲಿ ಭಾರ ಎತ್ತುವುದು ಬೇಡ, ಸಂಜೆ ಮಲಗಿಕೊಂಡು ಮಾಡುವ ಹತ್ತು ತಲೆಯಾಟ ಸಾಕು.