ಜರ್ಮನಿಯ ಬ್ಲೂ ಕಾರ್ಡ್: ವೀಸಾ ಅರ್ಜಿಗೆ ಮೊದಲೇ ಮುಗಿಸಬೇಕಾದ ಕೆಲಸಗಳು

ಜರ್ಮನಿಯ ಕಂಪನಿಯಿಂದ ನೇಮಕಾತಿ ಪತ್ರ ಬಂದೊಡನೆ ಹಲವರು ವೀಸಾ ಕೇಂದ್ರದ ದಿನಾಂಕಕ್ಕಾಗಿ ಹುಡುಕಾಟ ಆರಂಭಿಸುತ್ತಾರೆ. ವಾಸ್ತವವಾಗಿ ಅದು ಕೊನೆಗೆ ಮಾಡಬೇಕಾದ ಕೆಲಸ. ಎಂಜಿನಿಯರ್, ಸಾಫ್ಟ್‌ವೇರ್ ತಜ್ಞ, ವೈದ್ಯ ಮುಂತಾದ ಪದವೀಧರರಿಗೆ ಸಿಗುವ ‘ಇಯು ಬ್ಲೂ ಕಾರ್ಡ್’ (ಐರೋಪ್ಯ ಒಕ್ಕೂಟದ ದೇಶದಲ್ಲಿ ವಾಸಿಸಿ ಕೆಲಸ ಮಾಡಲು ಕೊಡುವ ಪರವಾನಗಿ) ಮುಖ್ಯವಾಗಿ ಮೂರು ಸಂಗತಿಗಳ ಮೇಲೆ ನಿಂತಿದೆ: ಪದವಿಗೆ ಅಲ್ಲಿ ಮಾನ್ಯತೆ ಇರಬೇಕು, ಕೆಲಸ ಪದವೀಧರರ ಮಟ್ಟದ್ದಾಗಿರಬೇಕು, ಸಂಬಳ ನಿಗದಿತ ಮಿತಿಯನ್ನು ಮುಟ್ಟಬೇಕು.

ಮೊದಲು ಪದವಿಯ ವಿಚಾರ. ವಿದೇಶಿ ವಿಶ್ವವಿದ್ಯಾಲಯಗಳನ್ನೂ ಅವು ನೀಡುವ ಪದವಿಗಳನ್ನೂ ಜರ್ಮನಿ ‘ಅನಾಬಿನ್’ ಎಂಬ ದತ್ತಾಂಶ ತಾಣದಲ್ಲಿ ವರ್ಗೀಕರಿಸಿದ್ದು, ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಂಸ್ಥೆಯ ಮುಂದೆ, ಮಾನ್ಯತೆ ಇದೆಯೆಂದು ಸೂಚಿಸುವ ‘ಎಚ್+’ ಎಂಬ ಗುರುತಿರಬೇಕು. ಜೊತೆಗೆ ಪದವಿಯೂ ಜರ್ಮನಿಯ ಪದವಿಗೆ ಸಮಾನವೆಂದು ಪ್ರತ್ಯೇಕವಾಗಿ ನಮೂದಾಗಿರಬೇಕು. ಇಲ್ಲಿ ನಮ್ಮವರು ಎಡವುವುದು ಕಾಲೇಜಿನ ಹೆಸರು ಹುಡುಕಿ, ಸಿಗಲಿಲ್ಲವೆಂದು ಗಾಬರಿಯಾಗುವುದರಲ್ಲಿ. ಸಂಯೋಜಿತ ಕಾಲೇಜಿನಲ್ಲಿ ಓದಿದವರು ಪದವಿ ಪ್ರದಾನ ಮಾಡಿದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಹುಡುಕಬೇಕು. ಎರಡೂ ಪುಟಗಳನ್ನು ಮುದ್ರಿಸಿಟ್ಟುಕೊಳ್ಳಿ. ಪದವಿ ಅಲ್ಲಿ ಕಾಣದಿದ್ದರೆ ‘ಜಡ್‌ಎಬಿ’ ಎಂಬ ಕೇಂದ್ರ ಕಚೇರಿಗೆ 208 ಯೂರೊ ಶುಲ್ಕ ಕಟ್ಟಿ, ಪದವಿಯ ಸಮಾನತೆಯ ಪತ್ರವನ್ನು ಪಡೆಯಬೇಕಾಗುತ್ತದೆ. ಇದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಲ ಹಿಡಿಯುವುದರಿಂದ, ಕೆಲಸ ಹುಡುಕುವ ಹಂತದಲ್ಲೇ ಅರ್ಜಿ ಹಾಕಿಕೊಳ್ಳುವುದು ಜಾಣತನ. ವೈದ್ಯರಂತಹ ನಿಯಂತ್ರಿತ ವೃತ್ತಿಯವರಿಗೆ ಇಷ್ಟೇ ಸಾಲದು. ಅವರು ವೃತ್ತಿ ನಡೆಸಲು ಪ್ರತ್ಯೇಕ ಅನುಮತಿಯನ್ನೂ ಪಡೆಯಬೇಕು.

ದಾಖಲೆ ದೃಢೀಕರಣದ ಬಗ್ಗೆ ಒಂದು ಮಾತು. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ದೃಢೀಕರಿಸುವ ಮುದ್ರೆಯೇ ಅಪೊಸ್ಟಿಲ್. ಅದರ ಒಪ್ಪಂದಕ್ಕೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಇವೆರಡು ದೇಶಗಳ ನಡುವೆ ಆ ಒಪ್ಪಂದ ಅನ್ವಯವಾಗುವುದಿಲ್ಲ. ಆದ್ದರಿಂದ ಯಾವುದೋ ಏಜೆಂಟ್ ಹೇಳಿದನೆಂದು ಅಂಕಪಟ್ಟಿಗಳಿಗೆಲ್ಲ ಅಪೊಸ್ಟಿಲ್ ಮುದ್ರೆ ಹಾಕಿಸಲು ಹಣ ಸುರಿಯುವ ಮೊದಲು, ಕಾನ್ಸುಲೇಟಿನ ದಾಖಲೆ ಪಟ್ಟಿಯನ್ನು ಓದಿಕೊಳ್ಳಿ.

ಇನ್ನು ಸಂಬಳ. ಬ್ಲೂ ಕಾರ್ಡ್‌ಗೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ 2026ರಲ್ಲಿ 50,700 ಯೂರೊ. ಎಂಜಿನಿಯರಿಂಗ್, ಐಟಿ, ವೈದ್ಯಕೀಯದಂತಹ ಜನರ ಕೊರತೆಯಿರುವ ವೃತ್ತಿಗಳಿಗೂ, ಕಳೆದ ಮೂರು ವರ್ಷಗಳೊಳಗೆ ಪದವಿ ಪಡೆದವರಿಗೂ 45,934.20 ಯೂರೊ ಸಾಕು. ಇದು ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತ. ಅಲ್ಲಿನ ಪಿಂಚಣಿ ವಿಮೆಯ ಮಿತಿಗೆ ತಳುಕು ಹಾಕಿಕೊಂಡಿರುವುದರಿಂದ ಪ್ರತಿ ಜನವರಿಯಲ್ಲಿ ಇದು ಬದಲಾಗುತ್ತದೆ. ಡಿಸೆಂಬರ್‌ನಲ್ಲಿ ಸಹಿಯಾದ ಕರಾರು ಫೆಬ್ರುವರಿಯ ಅರ್ಜಿಗೆ ಸಾಲದೇ ಹೋಗಬಹುದು. ಕೆಲಸದ ಅವಧಿ ಕನಿಷ್ಠ ಆರು ತಿಂಗಳಾದರೂ ಇರಬೇಕು. ಪದವಿಯಿಲ್ಲದ ಐಟಿ ಪರಿಣತರಿಗೂ ದಾರಿ ಮುಚ್ಚಿಲ್ಲ: ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪದವೀಧರ ಮಟ್ಟದ ಕೆಲಸ ಮಾಡಿದ್ದನ್ನು ಅವರು ತೋರಿಸಬೇಕು.

ಈ ಷರತ್ತುಗಳ ಆಚೆಗೆ ಗಮನಿಸಬೇಕಾದದ್ದು ಹೆಸರು. ಕನ್ನಡಿಗರು ಇದನ್ನು ಹಗುರವಾಗಿ ಎಣಿಸಬಾರದು. ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು, ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣ ರೂಪ, ಕೆಲವೊಮ್ಮೆ ಮನೆತನದ ಹೆಸರಿನ ಜಾಗವೇ ಖಾಲಿ. ನಮಗೆ ಸಹಜವಾದ ಈ ಪದ್ಧತಿ ಅಲ್ಲಿನ ಅಧಿಕಾರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು. ಕರಾರಿನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯುವಂತೆ ಕಂಪನಿಯನ್ನು ಕೇಳಿ. ಪಾಸ್‌ಪೋರ್ಟನ್ನೇ ತಿದ್ದಿಸಬೇಕಿದ್ದರೆ ಕರಾರಿಗೆ ಮುಂಚೆಯೇ ಮುಗಿಸಿ.

ಇಷ್ಟಾದ ಮೇಲೆ ಅರ್ಜಿಯ ಕೆಲಸ ಹೆಚ್ಚಿನದೇನಲ್ಲ. ಜರ್ಮನಿಯ ಕಾನ್ಸುಲರ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಪಾಸ್‌ಪೋರ್ಟ್, ಕರಾರು, ಉದ್ಯೋಗದಾತರು ಸಹಿ ಮಾಡಿದ ಉದ್ಯೋಗ ವಿವರದ ನಮೂನೆ, ಪದವಿ ದಾಖಲೆಗಳು ಮತ್ತು ಆರೋಗ್ಯ ವಿಮೆಯ ಪತ್ರವನ್ನು ಸೇರಿಸಬೇಕು. ಬಳಿಕ ನಿಗದಿತ ದಿನ ಮೂಲ ದಾಖಲೆಗಳೊಂದಿಗೆ ಹೋಗಿ ಬೆರಳಚ್ಚು ಕೊಟ್ಟು, 75 ಯೂರೊಗೆ ಸಮನಾದ ಶುಲ್ಕವನ್ನು ರೂಪಾಯಿಯಲ್ಲಿ ಕಟ್ಟಬೇಕು. ಅವಸರವಿದ್ದರೆ ಉದ್ಯೋಗದಾತರೇ ಜರ್ಮನಿಯ ವಿದೇಶಿಯರ ಕಚೇರಿಯಲ್ಲಿ 411 ಯೂರೊ ಕಟ್ಟಿ ತ್ವರಿತ ಪ್ರಕ್ರಿಯೆ ಆರಂಭಿಸಬಹುದು. ಇದನ್ನು ನೀವು ಇಲ್ಲಿಂದ ಮಾಡಲಾಗದು.

ವೀಸಾ ಎಂದರೆ ಪ್ರವೇಶದ ಅನುಮತಿ ಮಾತ್ರ. ಅಲ್ಲಿ ಮನೆ ಹಿಡಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಿ, ವೀಸಾ ಅವಧಿ ಮುಗಿಯುವ ಮೊದಲೇ ವಿದೇಶಿಯರ ಕಚೇರಿಯಲ್ಲಿ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಬೇಕು. ದೊಡ್ಡ ನಗರಗಳಲ್ಲಿ ಅಲ್ಲಿನ ಸರತಿ ಉದ್ದ. ಬ್ಲೂ ಕಾರ್ಡ್ ಪಡೆದವರ ಪತಿ ಅಥವಾ ಪತ್ನಿ ಜರ್ಮನ್ ಭಾಷಾ ಪರೀಕ್ಷೆಯಿಲ್ಲದೆ ಬರಬಹುದು, ಕೆಲಸವನ್ನೂ ಮಾಡಬಹುದು. ಆದರೂ ಕಾರ್ಡ್ ಹೊಂದಿದವರು ಭಾಷೆ ಕಲಿತರೆ ಲಾಭವಿದೆ: ಉಳಿದ ಷರತ್ತುಗಳೆಲ್ಲ ಪೂರೈಸಿದ್ದರೆ, ಎ1 (ಆರಂಭಿಕ) ಮಟ್ಟದ ಜರ್ಮನ್ ಬಲ್ಲವರಿಗೆ 27 ತಿಂಗಳಲ್ಲಿ ಸಿಗುವ ಕಾಯಂ ವಾಸದ ಪರವಾನಗಿ ಬಿ1 (ಮಧ್ಯಮ) ಮಟ್ಟ ಮುಟ್ಟಿದವರಿಗೆ 21 ತಿಂಗಳಿಗೇ ಸಿಗುತ್ತದೆ.